ಒದ್ದೆ ಬೆರಳಿನ ಲೆಕ್ಕ

ತಾಯಿಗೂ ಮಗನಿಗೂ ಹನ್ನೊಂದೇ ವರ್ಷದ ಅಂತರವಿದ್ದರೆ ಅದು ತಪ್ಪು ಲೆಕ್ಕವೇ? ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅದನ್ನೇ ಯೋಚಿಸುತ್ತಿದ್ದೆ. ಚಿಕ್ಕಮ್ಮ ಒದ್ದೆ ಬೆರಳಿನಿಂದ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಅಂಕಿ ಬರೆಯುತ್ತಿದ್ದಳು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಆರಿಹೋಗುತ್ತಿತ್ತು.

ಆಗ ನನಗೆ ಮಕ್ಕಳ ಆನ್‌ಲೈನ್ ಕ್ವಿಜ್‌ಗೆ ಗಣಿತದ ಪ್ರಶ್ನೆ ಸಿದ್ಧಪಡಿಸುವ ಕೆಲಸ. ಪ್ರಶ್ನೆಯ ಮಾತುಗಳನ್ನು ನಾನು ಬರೆಯುತ್ತಿದ್ದೆ. ಅಂಕಿಗಳನ್ನು ಕಂಪ್ಯೂಟರ್ ತನಗೆ ತೋಚಿದಂತೆ ತುಂಬಿ, ಒಂದೊಂದು ಮಗುವಿಗೆ ಒಂದೊಂದು ಲೆಕ್ಕ ಕೊಡುತ್ತಿತ್ತು. ಹೊಸ ಪ್ರಶ್ನೆಗಳನ್ನು ಮೊದಲು ಬಿಡಿಸುತ್ತಿದ್ದವಳು ಚಿಕ್ಕಮ್ಮ. ಮದುವೆಗಾಗಿ ಓದು ಬಿಟ್ಟವಳು, ಒಗ್ಗರಣೆ ಹಾಕುತ್ತಲೇ ಲೆಕ್ಕ ಮಾಡುತ್ತಿದ್ದಳು.

ಆ ವಾರ, ನಮ್ಮ ಪ್ರಶ್ನೆಗಳನ್ನು ತಿದ್ದುವ ನಾಗವೇಣಿ ನನ್ನ ಮೇಜಿನ ಬಳಿ ಬಂದು ನಕ್ಕಿದ್ದರು.

“ಏನ್ರೀ ಇದು? ತಾಯಿಗೆ ಮೂವತ್ತು, ಮಗನಿಗೆ ಹತ್ತೊಂಬತ್ತು! ನಿಮ್ಮ ಕಂಪ್ಯೂಟರು ಹನ್ನೊಂದು ವರ್ಷದ ಹುಡುಗಿಗೆ ಹೆರಿಗೆ ಮಾಡಿಸಿಬಿಟ್ಟಿದೆಯಲ್ಲ!”

ನಾನೂ ನಕ್ಕೆ. ತಾಯಿ ಕಡೇಪಕ್ಷ ಹದಿನೆಂಟು ವರ್ಷ ದೊಡ್ಡವಳಿರಬೇಕೆಂದು ನಿಯಮ ಸೇರಿಸಿದೆ. ಸೇರಿಸಿದ ಮೇಲೆ ಆ ಹಳೆಯ ಪ್ರಶ್ನೆಯನ್ನೇ ಮತ್ತೆ ತೆರೆದು ಓದಿದೆ.

ಹೆತ್ತವಳು ತೀರಿಕೊಂಡ ಮೇಲೆ ಅಪ್ಪ ಚಿಕ್ಕಮ್ಮನನ್ನು ಮದುವೆಯಾಗಿ ಕರೆತಂದಾಗ ನನಗೆ ಏಳು ವರ್ಷ, ಅವಳಿಗೆ ಹದಿನೆಂಟು. ನನ್ನ ಜ್ವರಕ್ಕೆ ನಿದ್ದೆಗೆಟ್ಟವಳು, ನನ್ನ ಪುಸ್ತಕಗಳಿಗೆ ರಟ್ಟು ಹಾಕಿದವಳು ಅವಳೇ. ಆದರೂ ಅಂಗಡಿಯವನು “ತಮ್ಮನೇನಮ್ಮಾ?” ಎಂದರೆ, “ನಮ್ಮನೆ ಹುಡುಗ” ಎಂದಷ್ಟೇ ಹೇಳಿ ಚೀಲ ಎತ್ತಿಕೊಳ್ಳುತ್ತಿದ್ದಳು. ಮಗ ಎನ್ನಲು ಯಾರದೋ ಅಪ್ಪಣೆಗೆ ಕಾದಿದ್ದಾಳೆ ಎಂದು ನನಗನ್ನಿಸುತ್ತಿತ್ತು.

ಆ ಸಂಜೆ ಅವಳು ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ಕೊನೆಯ ಪ್ರಶ್ನೆ ಓದಿದಳು: “ತಾಯಿ ಮಗನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಇಬ್ಬರ ವಯಸ್ಸು ಕೂಡಿದರೆ ಐವತ್ತೊಂಬತ್ತು. ಯಾರ ವಯಸ್ಸು ಎಷ್ಟು?”

ಬೆರಳು ಅದ್ದಿ ಬರೆದಳು. ಮಗ ಇಪ್ಪತ್ತನಾಲ್ಕು, ತಾಯಿ ಮೂವತ್ತೈದು. ಬೆರಳು ಅಲ್ಲೇ ನಿಂತಿತು. ನಮ್ಮಿಬ್ಬರ ವಯಸ್ಸೂ ಅಷ್ಟೇ ಆಗಿತ್ತು.

“ಇದೇನೋ ತಪ್ಪು ಬಿದ್ದಿದೆ ಕಣೋ. ಇಂಥ ತಾಯಿ ಎಲ್ಲಾದ್ರೂ ಇರ್ತಾಳಾ?”

“ಉತ್ತರ ಒತ್ತಿ ನೋಡು, ಚಿಕ್ಕಮ್ಮ.”

ಒತ್ತಿದಳು. ಹಸಿರು ಗುರುತು ಮೂಡಿತು.

“ಸರಿ ಅಂತಿದೆ,” ಎಂದಳು, ಮೆಲ್ಲಗೆ. ಆಮೇಲೆ ನನ್ನತ್ತ ತಿರುಗದೆಯೇ, “ನಿನ್ನ ಕಂಪ್ಯೂಟರಿಗೆ ಬುದ್ಧಿ ಸ್ವಲ್ಪ ಕಡಿಮೆ, ಬಿಡು,” ಎಂದಳು. ದನಿಯಲ್ಲಿ ನಗುವಿತ್ತು.

ಲೆಕ್ಕ ಮುಗಿದಿತ್ತು. ಆದರೂ ಆರುತ್ತಿದ್ದ ಆ ಎರಡು ಅಂಕಿಗಳ ಮೇಲೆ ಅವಳು ಮತ್ತೆ ಒದ್ದೆ ಬೆರಳಾಡಿಸಿದಳು.

ಆ ಪ್ರಶ್ನೆಯ ಅಂಕಿಗಳನ್ನು ಕಂಪ್ಯೂಟರ್ ಆರಿಸಿರಲಿಲ್ಲ, ಅವಳಿಗೆಂದು ನಾನೇ ತುಂಬಿದ್ದೆ ಎಂದು ಅವಳಿಗೆ ಯಾವತ್ತೂ ಹೇಳಲಿಲ್ಲ.