ಸಿಲ್ವರ್ ಪಾಯಲ್ ಗೆದ್ದ ಸಂಜೆ

ಮುಂಬೈ ರೇಸಿನ ಕುದುರೆಗಳ ತಂದೆ, ತಾಯಿ, ಅಜ್ಜಿ, ಮುತ್ತಜ್ಜಿಯರೆಲ್ಲ ನಮ್ಮ ಮನೆಯವರಿಗೆ ಬಾಯಿಪಾಠ. ಸ್ವಂತ ಮಗಳು ಯಾವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಮಾತ್ರ, “ಬೈಲಹೊಂಗಲದಾಗ, ಬಸ್‌ಸ್ಟ್ಯಾಂಡ್ ಬಾಜೂಕ” ಎಂದು ಕೈ ಬೀಸುತ್ತಾರೆ. ಬಸ್‌ಸ್ಟ್ಯಾಂಡಿನ ಬಾಜೂಕ ಇರುವುದು ಬೇಕರಿ.

ದೊಡವಾಡದಿಂದ ಬೈಲಹೊಂಗಲಕ್ಕೆ ಟಂಟಂ ಆಟೋ ಓಡಿಸುವ ಮನುಷ್ಯ. ಅವರ ಅಜ್ಜ ಟಾಂಗಾ ಹೊಡೆಯುತ್ತಿದ್ದನಂತೆ. ಆ ಒಂದು ಮುದಿ ಕುದುರೆಯ ಆಧಾರದ ಮೇಲೆ, ಕುದುರೆ ತಮ್ಮ ರಕ್ತದಲ್ಲೇ ಇದೆ ಎನ್ನುತ್ತಾರೆ. ನಿಜವಾದ ಕುದುರೆಯನ್ನು ಹತ್ತಿದ್ದು ನಮ್ಮ ಶಾದಿಯ ಮೆರವಣಿಗೆಯಲ್ಲಿ ಒಂದೇ ಸಲ; ಅವತ್ತೂ ಇಬ್ಬರು ಹಿಡಿದುಕೊಂಡಿದ್ದರು. ಈಗ ಮೊಬೈಲನ್ನು ಟಿವಿಗೆ ಜೋಡಿಸಿ, ಲೋಡು ದಿಂಬಿಗೆ ಒರಗಿ ಕೂತರೆಂದರೆ ಜಾಕಿಗಳಿಗೇ ಬುದ್ಧಿ ಹೇಳುತ್ತಾರೆ. “ಬಾಜಿ ಕಟ್ಟೂದು ಹರಾಮ್. ನೋಡೂದೇನ್ ಹರಾಮಲ್ಲ” ಎಂದು ಧರ್ಮವನ್ನೂ ಉಳಿಸಿಕೊಂಡಿದ್ದಾರೆ.

ಸವದತ್ತಿಯ ಬಳೆ ವ್ಯಾಪಾರಿ ರಸೂಲಸಾಬರು ತಮ್ಮ ಮಗ ರೆಹಾನನಿಗೆ ನಮ್ಮ ಹಿನಾಕೌಸರಳನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದಾಗ ಹಿನಾ ನನ್ನ ಮುಂದೆ ಒಂದೇ ಮಾತು ಇಟ್ಟಳು: “ಅಮ್ಮಿ, ಶಾದಿ ಆದಮ್ಯಾಲೂ ನಾ ಕೆಲಸ ಬಿಡಂಗಿಲ್ಲ. ಸವದತ್ತ್ಯಾಗೂ ಲ್ಯಾಬ್ ಅದಾವು. ಅವರು ಹೂಂ ಅಂದ್ರ ನಂದೂ ಹೂಂ.”

ಊರವರ ಬ್ಲೌಸು ಹೊಲಿದು ಅವಳನ್ನು ಓದಿಸಿದವಳು ನಾನು. ರಕ್ತದ ಹನಿ ಗಾಜಿನ ಮೇಲಿಟ್ಟು ರೋಗ ಹೇಳುವ ಹುಡುಗಿ ನಾಳೆ ಯಾರದೋ ಅಡುಗೆಮನೆಯಲ್ಲಿ ಅಕ್ಕಿಯ ಹರಳು ಆರಿಸುತ್ತ ಕೂತರೆ ನನ್ನ ಹೊಟ್ಟೆ ಉರಿಯದೇ ಇದ್ದೀತೇ? ಆದರೆ ನಮ್ಮಲ್ಲಿ ಇಂಥ ಷರತ್ತಿನ ಮಾತನ್ನು ಹುಡುಗಿಯ ತಂದೆಯೇ ಹುಡುಗನ ತಂದೆಗೆ ಕೇಳಬೇಕು. ಪರದೆಯ ಹಿಂದಿನಿಂದ ಹೆಂಗಸು ಕೇಳಿದರೆ ಆ ಮನೆಯ ಹೆಣ್ಣಿಗೆ ಬಾಯಿ ಜೋರು ಎಂದು ಊರು ತುಂಬ ಸುದ್ದಿ.

“ಮರೀದ ಕೇಳ್ತೀರಿಲ್ಲ?” ಎಂದು ಮನೆಯವರಿಗೆ ಮತ್ತೊಮ್ಮೆ ನೆನಪಿಸಿದೆ.

“ಕೇಳತೇನಿ ಅಂದ್ನೆಲ್ಲ! ಅದೇನ್ ದೊಡ್ಡ ಮಾತು?”

ದಿನ ಗೊತ್ತು ಮಾಡಿದವರೂ ಅವರೇ: ಭಾನುವಾರ ಸಂಜೆ. ರಸೂಲಸಾಬರು ತಕರಾರಿಲ್ಲದೆ ಒಪ್ಪಿದರು. ಎಂಥ ಸರಳ ಮನುಷ್ಯ ಎಂದುಕೊಂಡೆ. ಅವರ ಹೆಂಡತಿ ಜೈಬುನ್ನಿಸಾ ಬಂದು ಅಡುಗೆಮನೆಯಲ್ಲಿ ಕೂತ ಮೇಲೆ ಗುಟ್ಟು ತಿಳಿಯಿತು. “ಇವತ್ತ ಮುಂಬೈದಾಗ ದೊಡ್ಡ ರೇಸ್ ಐತೆಲ್ರಿ ಆಪಾ. ನಮ್ಮನಿಯವರಿಗೂ ಅದ ಹುಚ್ಚು. ನಿಮ್ಮಲ್ಲೆ ದೊಡ್ಡ ಟಿವಿ ಐತಿ ಅಂತ ಕೇಳಿದ್ದ ತಡ, ಎಲ್ಲಾರಕಿಂತ ಮೊದಲ ಗಾಡ್ಯಾಗ ಕುಂತಿದ್ರು.”

ಪರದೆಯ ಆಚೆ ಸಲಾಮು ಮುಗಿಯುವ ಮೊದಲೇ ವಂಶಾವಳಿ ಶುರುವಾಗಿತ್ತು.

“ಗ್ರ್ಯಾಂಡ್ ದರ್ಬಾರ್ ಬಿಡ್ರಿ ಭಾಯೀಸಾಬ್. ಅದರಪ್ಪನೂ ಕಡೀ ತಿರುವಿನಾಗ ದಮ್ಮ ಬಿಡತಿತ್ತು,” ಎಂದರು ನಮ್ಮವರು.

“ಅಪ್ಪಂದೇನ್ ನೋಡ್ತೀರಿ, ತಾಯೀದ ನೋಡ್ರಿ. ಪುಣೇದಾಗ ಗೆದ್ದಾಕಿ ಆಕಿ,” ಎಂದರು ರಸೂಲಸಾಬ.

ಕುದುರೆಯ ತಾಯಿಯ ವಿಚಾರ ಮುಗಿದ ಮೇಲೆ ಹುಡುಗಿಯ ತಾಯಿಯ ವಿಚಾರವೂ ಬಂತು. ನನ್ನ ತವರು ಮನೋಳಿ. ನಮ್ಮವರು ಟಿವಿಯಿಂದ ಕಣ್ಣು ತೆಗೆಯದೆ “ರಾಮದುರ್ಗ” ಎಂದರು.

ಹಿನಾ ಚಾ ತೆಗೆದುಕೊಂಡು ಹೋದಳು. ಅವಳನ್ನು ನೋಡಲೆಂದೇ ಸವದತ್ತಿಯಿಂದ ಬಂದ ರಸೂಲಸಾಬರು ಕಪ್ಪು ತೆಗೆದುಕೊಂಡು, ಕುತ್ತಿಗೆ ವಾರೆ ಮಾಡಿ, “ಜರಾ ಬಾಜೂ ಆಗವಾ, ಕುದುರಿ ಗೇಟಿನಾಗ ನಿಲ್ಲಸಾಕ ಹತ್ಯಾರ” ಎಂದರು. ರೆಹಾನ ಭಜಿಯ ತಟ್ಟೆಯನ್ನು ನೋಡುತ್ತಿದ್ದ. ಹುಡುಗಿಯನ್ನು ನೋಡಿದವರು ಯಾರೂ ಇಲ್ಲ.

ನಾನು ಪರದೆಯ ಹಿಂದಿನಿಂದ ಕೆಮ್ಮಿದೆ. “ನೀರ ಕುಡಿ,” ಎಂದರು ನಮ್ಮವರು. ಇನ್ನೂ ಜೋರಾಗಿ ಕೆಮ್ಮಿದೆ. ಆಗ ನೆನಪಾಗಿರಬೇಕು, ನೆಟ್ಟಗೆ ಕೂತು, “ಹಾಂ, ಭಾಯೀಸಾಬ್, ನಿಮಗ ಒಂದ ಮಾತ ಕೇಳೂದೈತಿ,” ಎಂದರು. ಚಾ ಕೊಟ್ಟು ಒಳಗೆ ಬಂದಿದ್ದ ಹಿನಾ ನನ್ನ ತೋಳು ಹಿಡಿದುಕೊಂಡಳು.

“ಈ ಸಿಲ್ವರ್ ಪಾಯಲ್ ಬಗ್ಗೆ ನಿಮಗೇನ್ ಅನಸ್ತೈತಿ?”

ಗಂಡುಗಳ ನಡುವೆ ಓಡುತ್ತಿದ್ದ ಒಂದೇ ಹೆಣ್ಣು ಕುದುರೆ ಅದು. ರಸೂಲಸಾಬರು ಚಾ ಕೆಳಗಿಟ್ಟರು. “ಏನ್ ಕೇಳ್ತೀರಿ! ಗಂಡಿನ ಸರೀಕ ಓಡಾಕ ಎದೀ ಬೇಕ್ರಿ. ಇಂಥಾಕೀನ ಲಾಯದಾಗ ಕಟ್ಟಿ ಹಾಕಾಂವ ಹುಚ್ಚ!”

ನಾನೂ ಹಿನಾಳೂ ಮುಖ ಮುಖ ನೋಡಿಕೊಂಡೆವು.

ಗೇಟು ತೆರೆಯಿತು. ಗ್ರ್ಯಾಂಡ್ ದರ್ಬಾರ್ ಕೊನೆಯ ತಿರುವಿನಲ್ಲಿ ದಮ್ಮು ಬಿಟ್ಟಿತು. ಎಲ್ಲಕ್ಕಿಂತ ಹಿಂದಿದ್ದ ಸಿಲ್ವರ್ ಪಾಯಲ್ ಬೇಲಿಯ ಬದಿಯಿಂದ ನುಗ್ಗಿ ಬಂದಾಗ ಇಬ್ಬರೂ ಅಪ್ಪಂದಿರು ಎದ್ದು ನಿಂತು, ಒಬ್ಬರ ಹೆಗಲನ್ನು ಒಬ್ಬರು ಹಿಡಿದು, “ಬಾರವಾ, ಬಾರವಾ” ಎಂದು ಕೂಗುತ್ತಿದ್ದರು. ಗೆದ್ದಿತು. ತಾವೇ ಹೆತ್ತವರ ಹಾಗೆ ಅಪ್ಪಿಕೊಂಡರು.

ಗಾಳಿ ಬಂದಾಗ ತೂರಿಕೊಳ್ಳಬೇಕು. ನಾನು ಪರದೆ ಸರಿಸಿದೆ. “ಭಾಯೀಸಾಬ್, ನಮ್ಮ ಹಿನಾನೂ ಶಾದಿ ಆದಮ್ಯಾಲೆ ಕೆಲಸಕ್ಕ ಹೋಗತೇನಿ ಅಂತಾಳ. ನೀವ ಅಂದ್ರೆಲ್ಲ, ಕಟ್ಟಿ ಹಾಕಬಾರದು ಅಂತ.”

ರಸೂಲಸಾಬರು ಸಿಟ್ಟಾಗಲಿಲ್ಲ, ಖುಷಿಯಲ್ಲಿ ನಕ್ಕರು. “ಭಾಬಿ, ಕುದುರಿ ವಿಷಯ ನಿಮಗ ಪೂರಾ ಗೊತ್ತಿಲ್ಲ. ಗೆದ್ದಾಕೀನ ಎಷ್ಟ ದಿನ ಓಡಸ್ತಾರ? ಮುಂದಿನ ವರ್ಷ ಫಾರ್ಮಿಗೆ ಕಳಿಸಿ ಮರಿ ಹಾಕಸ್ತಾರ. ಖರೇ ಕಿಮ್ಮತ್ತ ಆವಾಗ. ಓಡೂದು ಬರೇ ಜಾತಿ ತೋರಸಾಕ.” ನಂತರ ಮೊದಲ ಸಲ ಹಿನಾಳ ಕಡೆ ನೋಡಿದರು. “ನಮ್ಮನ್ಯಾಗೂ ಹಂಗ. ಓದ್ಯಾಳ, ಛಲೋ ಆತು. ಮಕ್ಕಳಿಗೆ ಹೇಳಿಕೊಡಾಕ ಆಕ್ಕೈತಿ.”

ಹಿನಾ ಸೆರಗಿನ ಪಿನ್ನು ತೆಗೆಯುತ್ತ ಹಾಕುತ್ತ ನಿಂತಳು. ರೆಹಾನ ಇನ್ನೊಂದು ಭಜಿ ತೆಗೆದುಕೊಂಡ.

ನಮ್ಮವರ ಮುಖ ಕೆಂಪಾಗಿತ್ತು. ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮುಖ ನಾನು ಕಂಡಿರಲಿಲ್ಲ. “ಏನಂದ್ರಿ? ಇನ್ನೊಮ್ಮೆ ಅನ್ರಿ!” ಎಂದು ಎದ್ದರು. ಕಡೆಗೂ ತಂದೆಯ ಕರುಳು ಎಚ್ಚರವಾಯಿತೆಂದು ನನ್ನ ಕಣ್ಣು ತುಂಬಿತು.

“ಮುಂದಿನ ವರ್ಷ ಫಾರ್ಮಿಗೆ? ನಾಕ ವರ್ಷದ ಕುದುರೀನ? ಐದಕ್ಕ ಖರೇ ದಮ್ಮ ಬರತೈತ್ರಿ ಅದಕ್ಕ! ಇನ್ನೂ ಬೆಂಗಳೂರು ಐತಿ, ಊಟಿ ಐತಿ!”

“ನನಗ ಕುದುರಿ ಕಲಸಾಕ ಬರಬ್ಯಾಡ್ರಿ,” ರಸೂಲಸಾಬರೂ ಎದ್ದರು. “ಟಂಟಂ ಓಡಸಾವ್ರು ನೀವು.”

“ಬಳಿ ಮಾರಾವ್ರು ನೀವು! ಅಂಥಾ ಕುದುರೀ ಕದರ್ ಗೊತ್ತಿಲ್ಲದ ಮನಿಗೆ ನಾ ಮಗಳನ್ನ ಕೊಡಂಗಿಲ್ಲ. ಹೋಗ್ರಿ!”

ಹೋದರು. ಜೈಬುನ್ನಿಸಾ ಚಪ್ಪಲಿ ಮೆಟ್ಟುವಾಗ ಹಿನಾಳ ಕೈ ಹಿಡಿದು, “ಛಲೋ ಆತ ಬಿಡವಾ,” ಎಂದು ಪಿಸುಗುಟ್ಟಿ, ಗಂಡನ ಹಿಂದೆ ಓಡಿದರು.

ಈಗ ಊರೆಲ್ಲ ನಮ್ಮವರದೇ ಹೊಗಳಿಕೆ. ಮಗಳ ನೌಕರಿಗೋಸ್ಕರ ಬಂದ ಸಂಬಂಧವನ್ನೇ ಒದ್ದ ತಂದೆಯಂತೆ. ಮಸೀದಿಯ ಮುಂದೆ ಹಿರಿಯರು ಬೆನ್ನು ತಟ್ಟಿದರಂತೆ. ಇವರು ತಲೆ ತಗ್ಗಿಸಿ, “ಹೆಣ್ಣಮಕ್ಕಳೂ ಮನಶ್ಯಾರ ಅಲ್ರಿ” ಎಂದು ಬಂದಿದ್ದಾರೆ.

“ಅಬ್ಬಾ, ಖರೇ ಹೇಳ್ರಿ,” ಎಂದಳು ಹಿನಾ ಊಟಕ್ಕೆ ಬಡಿಸುತ್ತ. “ನೀವು ಸಿಟ್ಟಾಗಿದ್ದು ನನ್ನ ಸಲುವಾಗಿನೋ, ಕುದುರಿ ಸಲುವಾಗಿನೋ?”

ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದರು. ಆ ಯೋಚನೆಯೇ ಉತ್ತರವಾಗಿತ್ತು. ಹಿನಾ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ನಿನ್ನೆ ಕಿತ್ತೂರಿನಿಂದ ಇನ್ನೊಂದು ಸಂಬಂಧದ ಫೋನು ಬಂತು. ಇವರು ಕೈ ಚಾಚುವ ಮೊದಲೇ ನಾನು ಎತ್ತಿಕೊಂಡೆ. ಕ್ಷೇಮಸಮಾಚಾರಕ್ಕಿಂತ ಮೊದಲು ಕೆಲಸದ ಮಾತು ಕೇಳಿದೆ. ಆ ಕಡೆಯಿದ್ದ ಹುಡುಗನ ತಾಯಿ, “ನಮ್ಮ ಹುಡುಗನ್ನ ಕೇಳಿ ನಾನ ಹೇಳತೇನ್ರಿ,” ಎಂದಳು. “ನಾನ” ಎಂದಳು, ಗಂಡನ ಹೆಸರೆತ್ತಲಿಲ್ಲ; ಅಷ್ಟು ನನಗೆ ಸಾಕಾಗಿತ್ತು.

ಫೋನಿಟ್ಟ ಕೂಡಲೇ ನಮ್ಮವರು ಕೇಳಿದರು: “ಹುಡುಗನಪ್ಪಗ ಕುದುರಿ ತಿಳೀತಾವೇನ?”

“ಅವರ ಮನ್ಯಾಗ ಎಮ್ಮಿ ಅದಾವಂತ,” ಎಂದೆ.