ಕೊನೆಯ ಅಧ್ಯಾಯ ಓರಿನ್‌ನದು

ಡುಲೂತ್ ಊರಿನ ಹಳೆಯ ಬೇಕರಿಯ ಮಹಡಿಯಲ್ಲಿ ವರ್ನಾಳ ಕಂಪನಿ. ಸಣ್ಣ ಊರುಗಳ ಗ್ರಂಥಾಲಯಗಳಿಗೆ ಸಾಫ್ಟ್‌ವೇರ್ ಮಾಡಿ, ಅದರ ಕೋಡನ್ನೆಲ್ಲ ಬಯಲಿಗಿಟ್ಟು, ಯಾರು ಬೇಕಾದರೂ ತಿದ್ದಿ ಬಳಸಿಕೊಳ್ಳಿ ಎನ್ನುವ ಕಂಪನಿ ಅದು. ದುರಸ್ತಿ, ತರಬೇತಿಯ ಕೆಲಸದಿಂದ ಹೇಗೋ ಹೊಟ್ಟೆ ತುಂಬುತ್ತಿತ್ತು. ಈಗ ಚಿಕಾಗೊದ ದೊಡ್ಡ ಕುಳವೊಂದು ಕೊಳ್ಳಲು ಬಂದಿತ್ತು. ಕೊಂಡ ಮೇಲೆ ಕೋಡಿಗೆ ಬೀಗ. ವರ್ನಾಳಿಗೂ ಸಾಕಾಗಿತ್ತು. ಆದರೆ ಕೋಡು ಬರೆದವರೆಲ್ಲ ಒಪ್ಪಿ ಸಹಿ ಹಾಕಬೇಕೆಂದರು ವಕೀಲರು. ಸಹಿ ಹಾಕಲು ಉಳಿದವನು ಓರಿನ್ ಒಬ್ಬನೇ.

ಅವಳ ಜೊತೆ ಕಂಪನಿ ಕಟ್ಟಿದವನೇ ಅವನು. ಕೋಡಿಗೆ ಬೀಗ ಹಾಕಬೇಕೇ ಬೇಡವೇ ಎಂಬ ಜಗಳದಲ್ಲಿ ಎದ್ದುಹೋಗಿ, ಈಗ ಸರೋವರದ ದಂಡೆಯಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದ. "ಪುಕ್ಕಟೆ ಹಂಚೋದಕ್ಕೆ ಚರ್ಚ್ ಇದೆ, ನಾವ್ ನಡೆಸ್ತಿರೋದು ಕಂಪನಿ" ಎಂದು ಅವಳು ರೇಗಿದ್ದೇ ನೆಪ.

ಫೋನು ಹಚ್ಚಿದವಳ ಕಣ್ಣು ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಬಿತ್ತು. ಎಂಥ ಶುಕ್ರವಾರಗಳವು! ಮ್ಯಾನೇಜ್‌ಮೆಂಟ್ ಪುಸ್ತಕವೊಂದನ್ನು ತಂದು, ಬೈಂಡು ಕಿತ್ತು, ಅಧ್ಯಾಯಕ್ಕೊಬ್ಬರಂತೆ ಹರಿದು ಹಂಚಿಕೊಳ್ಳುತ್ತಿದ್ದರು. ಇಡೀ ಪುಸ್ತಕ ಓದುವ ತಾಳ್ಮೆ ಯಾರಿಗಿತ್ತು? ಮಧ್ಯಾಹ್ನ ಕಾಡಕ್ಕಿ ಸೂಪು ಕುಡಿಯುತ್ತ ತಂತಮ್ಮ ಪಾಲನ್ನು ಹೇಳುವುದು, ಉಳಿದವರು ಗೇಲಿ ಮಾಡುವುದು. ಕೊನೆಯ ಅಧ್ಯಾಯ ಯಾವಾಗಲೂ ಓರಿನ್‌ನದು. ಅವನು ಓದಿ ಹೇಳಿದ ಒಂದು ಮಾತಂತೂ ಕಂಪನಿಗೆ ವೇದವಾಕ್ಯವಾಗಿಬಿಟ್ಟಿತ್ತು: ಗಿರಾಕಿಗೆ ಬಿಟ್ಟುಹೋಗುವ ಬಾಗಿಲು ತೆರೆದೇ ಇರಲಿ, ಆಗ ಉಳಿದವನು ಇಷ್ಟಪಟ್ಟು ಉಳಿದಿರುತ್ತಾನೆ. ದೊಡ್ಡ ಪಂಡಿತರ ಮಾತೆಂದು ವರ್ನಾ ಅದನ್ನು ಸಭೆ ಸಭೆಯಲ್ಲೂ ಹೇಳಿದ್ದಳು.

"ಏನೇ ವರ್ನಾ, ಇನ್ನೂ ಬದುಕಿದೀಯಾ?" ಎಂದಿತು ಫೋನಿನಲ್ಲಿ ಓರಿನ್‌ನ ದನಿ.

ಅವಳು ವಿಷಯ ಹೇಳಿದಳು.

"ಸರಿ, ಕಳ್ಸು. ಸಹಿ ಹಾಕ್ತೀನಿ."

"ಅಷ್ಟೇನಾ? ಜಗಳ ಆಡಲ್ವಾ?"

"ಓಹೋ, ನಾನು ಬೇಡ ಅನ್ಲಿ ಅಂತ ಫೋನ್ ಮಾಡಿದ್ಯಾ? ಅದೆಲ್ಲ ಆಗಲ್ಲ ಮಾರಾಯ್ತಿ. ಈ ತಲೆನೋವು ನಿಂದೇ."

ಮಾತು ಬದಲಿಸಲು ಕೇಳಿದಳು. "ಆ ತೆರೆದ ಬಾಗಿಲಿನ ಮಾತು ಯಾವ ಪುಸ್ತಕದ್ದೋ? ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

ಅತ್ತಲಿಂದ ನಗು. "ಯಾವ ಪುಸ್ತಕದ್ದೂ ಅಲ್ಲ ಕಣೇ. ಕೊನೇ ಅಧ್ಯಾಯ ನಾನು ಒಂದಿನಾನೂ ಓದಿಲ್ಲ. ನನ್ನ ಸರದಿ ಬರೋ ಹೊತ್ತಿಗೆ ತೋಚಿದ್ದು ಹೇಳ್ತಿದ್ದೆ."

"ಥೂ ನಿನ್ನ! ಇಷ್ಟು ವರ್ಷ ನಿನ್ನ ಬುರುಡೆ ಮೇಲೆ ಕಂಪನಿ ನಡೆಸಿದ್ನಾ ನಾನು?"

"ನಡೀತಲ್ಲ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾತನ್ನು ಜೋಪಾನವಾಗಿಟ್ಟುಕೊಂಡು, ಆಡಿದವನನ್ನು ಕಳೆದುಕೊಂಡಿದ್ದೆನಲ್ಲ ಎಂದು ಸಂಕಟವಾಯಿತು. ಆ ತೆರೆದ ಬಾಗಿಲಿಗೇ ಬೀಗ ಹಾಕಲಿದ್ದ ವಕೀಲರ ಕಾಗದಗಳನ್ನು ಮೇಜಿನ ಆಚೆಗೆ ತಳ್ಳಿದಳು.

"ಸಹಿ ಹಾಕ್ಬೇಡ. ನಾನೇ ಚಿಕಾಗೊದವರಿಗೆ ಆಗಲ್ಲ ಅಂತೀನಿ. ಶುಕ್ರವಾರ ಬಾ, ಸೂಪು ಮಾಡ್ತೀನಿ."

ಓರಿನ್ ಕೇಳಿದ, "ಪುಸ್ತಕ?"

"ತರ್ತೀನಿ. ಕೊನೇ ಅಧ್ಯಾಯ ಮಾತ್ರ ನಿಂಗೇ."