ಮೇಲೆ ಬಿಟ್ಟು ಕೆಳಗೆ ಕಾಯುವವಳು

ಮಗಳು ಟೀಗನ್ ಫೋನಿನಲ್ಲಿ ಹೇಳಿದ್ದನ್ನು ಮಾರ್ಲಿಸ್ ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೇಳಿದ ಹಾಗೇ ಬರೆದುಕೊಂಡಳು. "ಅಮ್ಮಾ, ಆಗಸ್ಟ್ ಎರಡನೇ ವಾರ ಬರ್ತೀನಿ, ಐದು ದಿನ ಇರ್ತೀನಿ. ಯಾವ ದಿನ ಯಾವ ಜಾಡಲ್ಲಿ ಸೈಕಲ್ ಹೊಡೀಬೇಕು ಅಂತ ನೀನೇ ಗೊತ್ತು ಮಾಡಿಡು. ಎಲ್ಲಾ ಸುಲಭದ್ದೇ ಇರ್ಲಿ. ಕಪ್ಪು ಗುರುತಿನ ಜಾಡು ಬೇಡ್ವೇ ಬೇಡ. ಆಮೇಲೆ ಅಂಗಡೀಲಿ ಇನ್ನೊಂದು ಸೈಕಲ್ ಬಾಡಿಗೆಗೆ ಹೇಳಿಡು, ಮಧ್ಯಮ ಅಳತೇದು."

"ಇನ್ನೊಂದು ಯಾರಿಗೇ?"

"ಬಂದ್ಮೇಲೆ ಗೊತ್ತಾಗತ್ತೆ ಬಿಡು," ಎಂದವಳೇ ಟೀಗನ್ ಫೋನಿಟ್ಟಳು.

ಯಾರೋ ಹುಡುಗ ಇರಬೇಕು ಎಂದುಕೊಂಡಳು ಮಾರ್ಲಿಸ್. ಮಧ್ಯಮ ಅಳತೆ ಎಂದರೆ ಭಾರೀ ಎತ್ತರದವನೇನಲ್ಲ. ಇರಲಿ, ಎತ್ತರ ಕಟ್ಟಿಕೊಂಡು ಏನಾಗಬೇಕು! ಅವಳ ಚಿಂತೆ ಬೇರೆಯೇ ಇತ್ತು. ಮೂರು ವರ್ಷದ ಕೆಳಗೆ ಟೀಗನ್ ಈ ಊರ ಬೆಟ್ಟದಲ್ಲೇ ಸೈಕಲ್ಲಿನಿಂದ ಬಿದ್ದು ಹೆಗಲೆಲುಬು ಮುರಿದುಕೊಂಡಿದ್ದಳು. ಆಮೇಲೆ ಎಡ್ಮಂಟನ್‌ಗೆ ಹೋಗಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಸೇರಿದಳು. ಕ್ರಿಸ್‌ಮಸ್‌ಗೆ ತಪ್ಪದೆ ಬರುತ್ತಿದ್ದಳು, ಬೇಸಗೆಯಲ್ಲಿ ಮಾತ್ರ ಈ ಕಡೆ ತಲೆ ಹಾಕಿರಲಿಲ್ಲ. ಈಗ ಹೆದರಿಕೆಯನ್ನು ಒತ್ತಟ್ಟಿಗಿಟ್ಟು ಬರುತ್ತಿದ್ದಾಳೆ. ಐದು ದಿನ ಚೆನ್ನಾಗಿ ಕಳೆದರೆ ಮಗಳು ಪ್ರತಿ ಬೇಸಗೆಯೂ ಮನೆಗೆ ಬಂದಾಳು. ಇನ್ನೊಂದು ಸಲ ಹೆದರಿದಳೋ, ಮುಗಿದೇ ಹೋಯಿತು.

ಸಿಲ್ವರ್ ಬೆಂಡ್ ಊರಿನಲ್ಲಿ ಮಾರ್ಲಿಸ್‌ಗೆ ಬೆಟ್ಟ ಗೊತ್ತಿಲ್ಲ ಎಂದರೆ ಯಾರೂ ನಂಬಲಾರರು. ಶಾಲೆಯ ಬಸ್ಸು ಓಡಿಸುವವಳು, ಬೇಸಗೆ ಬಂತೆಂದರೆ ಊರ ಮಕ್ಕಳನ್ನು ಪಿಕಪ್‌ನಲ್ಲಿ ತುಂಬಿ, ಸೈಕಲ್‌ಗಳನ್ನು ಹಿಂದಿನ ಬಾಗಿಲಿಗೆ ನೇತುಹಾಕಿ, ಮರ ಸಾಗಿಸುವ ಮಣ್ಣುರಸ್ತೆಯಲ್ಲಿ ಬೆಟ್ಟದ ನೆತ್ತಿಗೆ ಒಯ್ದು ಬಿಡುತ್ತಿದ್ದಳು. ಹದಿನೆಂಟು ವರ್ಷ ಹೀಗೇ ನಡೆಯಿತು. "ಒಬ್ಬೊಬ್ರಾಗಿ ಹೋಗಿ, ಕೆಳಗೆ ಸಿಕ್ತೀನಿ," ಎಂದು ಹೇಳಿ ಗಾಡಿ ತಿರುಗಿಸಿ, ಕೆಳಗೆ ಬಂದು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕಾಯುವುದು ಅವಳ ಕೆಲಸ. ಪ್ರತಿ ಜಾಡಿನ ಮೇಲಿನ ತುದಿ ಗೊತ್ತು, ಕೆಳಗಿನ ತುದಿ ಗೊತ್ತು. ನಡುವೆ ಏನಿದೆ ಎನ್ನುವುದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಟೀಗನ್ ಬಿದ್ದ ಮೇಲಂತೂ ಆ ಮಣ್ಣುರಸ್ತೆಗೇ ಹೋಗಿರಲಿಲ್ಲ.

ಸೈಕಲ್ ಅಂಗಡಿಗೆ ಹೋಗಿ ನಕ್ಷೆ ತಂದು ಮೇಜಿನ ಮೇಲೆ ಹರಡಿದಳು. ಹಸಿರು ಸುಲಭ, ನೀಲಿ ಸಾಧಾರಣ, ಕಪ್ಪು ಕಷ್ಟ. ಇಷ್ಟೇ ಆಗಿದ್ದರೆ ಯಾರಿಗೆ ತಲೆನೋವು? ಈ ಊರಿನಲ್ಲಿ ಹಸಿರು ಇದ್ದದ್ದೇ ಒಂದು, ಅದೂ ಶಾಲೆಯ ಹಿಂದಿನ ಮೈದಾನ. ನೀಲಿಯಲ್ಲಿ "ಒದ್ದೆ ಕಾಲುಚೀಲ" ಎಂಬ ಜಾಡು ಕಣ್ಣಿಗೆ ಬಿತ್ತು. ಮತ್ತೆ ಹೋಗಿ ಅಂಗಡಿಯ ಕ್ವಿನ್‌ಳನ್ನು ಕೇಳಿದಳು.

"ಅಯ್ಯೋ, ಅದು ಬೆಣ್ಣೆ ಕಣೇ! ನಮ್ಮ ಚಿಕ್ಕಮ್ಮ ಕೈಗೆ ಪಟ್ಟಿ ಕಟ್ಕೊಂಡು ಇಳಿದಿದ್ದಾಳೆ."

"ಕೈಗೆ ಪಟ್ಟಿ ಯಾಕೆ ಬಂತು?"

"ಹಿಂದಿನ ವಾರ ಅದರಲ್ಲೇ ಬಿದ್ದಿದ್ಲು."

ಸೈಕಲ್ ಊರಿನ ಜನರ ದೊಡ್ಡ ಕಾಯಿಲೆ ಇದು. ಯಾವುದನ್ನೂ ಕಷ್ಟ ಎನ್ನುವುದಿಲ್ಲ. ಅಷ್ಟೇನೂ ಇಲ್ಲ ಎಂದರೆ ಎರಡು ಬಂಡೆ ಇವೆ ಎಂದರ್ಥ. ಸ್ವಲ್ಪ ಮಜವಾಗಿದೆ ಎಂದರೆ ಮನೆಯವರಿಗೆ ಹೇಳಿಹೋಗಬೇಕು. ಅಂಚೆ ಕಚೇರಿಯವನು ಒದ್ದೆ ಕಾಲುಚೀಲ ಮಕ್ಕಳಾಟ ಎಂದ. ಪಕ್ಕದ ಮನೆಯಾಕೆ ಅಲ್ಲಿ ತನ್ನ ಹಲ್ಲು ಹೋಯಿತೆಂದು ಬಾಯಿ ತೆರೆದು ತೋರಿಸಿ, ಆದರೂ ಸುಲಭವೇ ಎಂದಳು. ಮಾರ್ಲಿಸ್ ಮೊದಲ ದಿನಕ್ಕೆ ಬರೆದ ಒದ್ದೆ ಕಾಲುಚೀಲವನ್ನು ಹೊಡೆದುಹಾಕಿದಳು, ಮತ್ತೆ ಬರೆದಳು, ಮತ್ತೆ ಹೊಡೆದುಹಾಕಿದಳು.

ಕೊನೆಗೆ ಬಿಯರ್ ಡಬ್ಬಿಗಳ ಪೆಟ್ಟಿಗೆ ಹೊತ್ತುಕೊಂಡು ಆರ್ವಿಡ್ ಮನೆಗೆ ಹೋದಳು. ಎಪ್ಪತ್ತೊಂದರ ಆರ್ವಿಡ್ ಬೆಟ್ಟದ ಅರ್ಧ ಜಾಡುಗಳನ್ನು ಸನಿಕೆ ಹಿಡಿದು ತಾನೇ ಕಡಿದವನು. ಅವನ ಹತ್ತಿರ ಬರಿಗೈಯಲ್ಲಿ ಹೋಗಿ ದಾರಿ ಕೇಳುವ ಪದ್ಧತಿ ಊರಲ್ಲಿಲ್ಲ.

"ಒದ್ದೆ ಕಾಲುಚೀಲ ನಾನೇ ಕಡಿದಿದ್ದು," ಎಂದ ಆರ್ವಿಡ್, ಡಬ್ಬಿ ಒಡೆಯುತ್ತಾ. "ಹೋದ ವರ್ಷ ತಿದ್ದಿ ತೀಡಿ ಇಟ್ಟಿದೀನಿ. ಬೆಣ್ಣೆ."

"ನೀನೂ ಬೆಣ್ಣೆ ಅಂತೀಯಲ್ಲ! ಎಲ್ಲರ ಬೆಣ್ಣೇಲೂ ಮೂಳೆ ಇದೆ ಈ ಊರಲ್ಲಿ. ನಿಜ ಹೇಳು, ನನ್ನ ಮಗಳು ಹೆದರ್ತಾಳಾ?"

"ಅದು ನಿನ್ನ ಮಗಳಿಗೆ ಗೊತ್ತು. ಜಾಡು ಹೇಗಿದೆ ಅಂತ ನೀನೇ ಹೋಗಿ ನೋಡಮ್ಮ. ಹದಿನೆಂಟು ವರ್ಷ ಮೇಲೆ ಕೆಳಗೆ ಓಡಾಡಿದೀಯ, ನಡುವೆ ಏನಿದೆ ಅಂತ ಯಾವತ್ತಾದ್ರೂ ಇಣುಕಿದೀಯಾ?"

"ನಡುವಿಂದು ಕಟ್ಕೊಂಡು ನನಗೇನಾಗ್ಬೇಕು? ನನ್ನ ಕೆಲಸ ಎರಡು ತುದೀಲಿ," ಎಂದು ರೇಗಿದಳು. ಆದರೂ ಮಾರನೆಯ ಬೆಳಿಗ್ಗೆ ಹೊರಟಳು.

ಹೊರಟದ್ದು ಕೆಳಗಿನ ತುದಿಯಿಂದ. ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಾಗ ಅದೇ ತಾನೆ! ಅಲ್ಲಿ "ಇತ್ತಕಡೆಯಿಂದ ಹತ್ತಬೇಡಿ" ಎಂಬ ಹಲಗೆ ಇತ್ತು. ಅದಕ್ಕೆ ಅವಳು ವರ್ಷಗಟ್ಟಲೆ ತನ್ನ ಜಾಕೆಟ್ ನೇತುಹಾಕಿದ್ದಳೇ ಹೊರತು ಓದಿರಲಿಲ್ಲ. ಕಾಲ್ನಡಿಗೆಯಲ್ಲಿ ಹತ್ತಿದಳು. ಮೇಲಿನಿಂದ ಇಳಿಯುವವರಿಗೆ ಜಾರುವ ಬೇರುಗಳು ಕೆಳಗಿನಿಂದ ಅವಳಿಗೆ ಗೋಡೆಗಳಾಗಿ ಕಂಡವು. ಇದರ ಮೇಲೆ ಸೈಕಲ್ ಹೇಗೆ ಹತ್ತೀತು ಎಂದು ದಿಗಿಲಾಯಿತು. ಸೈಕಲ್ ಹತ್ತುವುದಿಲ್ಲ, ಇಳಿಯುತ್ತದೆ ಎಂದು ಹೊಳೆಯುವಷ್ಟರಲ್ಲಿ ಎದುರಿನ ತಿರುವಿನಿಂದ ನಾಲ್ವರು ಸೈಕಲ್ಲಿನವರು ಕಿರುಚುತ್ತಾ ಬಂದರು. ಮಾರ್ಲಿಸ್ ಹಕಲ್‌ಬೆರಿ ಎಂಬ ಕಾಡುಹಣ್ಣಿನ ಪೊದೆಯೊಳಗೆ ಹಾರಿ ಕೂತಳು. ಅವರು ಕಿರುಚಿದ್ದು ಹೆದರಿಯೋ ಖುಷಿಗೋ, ಅದೂ ತಿಳಿಯಲಿಲ್ಲ. ಮೈತುಂಬ ನೇರಳೆ ಕಲೆ ಮಾಡಿಕೊಂಡು, ಹೋದಾಗ ಇದ್ದುದಕ್ಕಿಂತ ಎರಡರಷ್ಟು ಗೊಂದಲ ಹೊತ್ತುಕೊಂಡು ಮನೆಗೆ ಬಂದಳು.

ಅಂದೇ ಹೊಸ ಹಾಳೆ ತೆಗೆದು ಬರೆದಳು. ಮೊದಲ ದಿನ ವಿಶ್ರಾಂತಿ. ಎರಡನೇ ದಿನ ಕೆರೆಯಲ್ಲಿ ಈಜು. ಮೂರನೇ ದಿನ ಹಕಲ್‌ಬೆರಿ ಕೊಯ್ಲು. ನಾಲ್ಕನೇ ದಿನ ಹಕಲ್‌ಬೆರಿ ಕಡುಬು. ಐದನೇ ದಿನ ಶಾಲೆಯ ಹಿಂದಿನ ಮೈದಾನ, ಮಳೆ ಇಲ್ಲದಿದ್ದರೆ.

ಟೀಗನ್ ಬಂದಳು, ಒಬ್ಬಳೇ. ಮಾರ್ಲಿಸ್ ಕಾರಿನೊಳಗೆ ಬಗ್ಗಿ ನೋಡಿದಳು, ಹುಡುಗನ ಸುಳಿವಿಲ್ಲ. ಕಾರಿನ ಹಿಂದೆ ಕಟ್ಟಿದ್ದ ಸೈಕಲ್ಲಿನ ಚಕ್ರಗಳಿಗೆ ಹಸಿ ಕೆಸರು ಮೆತ್ತಿತ್ತು. ಟೀಗನ್ ಅಡಿಗೆಮನೆಯಲ್ಲಿ ನಿಂತೇ ಹಾಳೆ ಓದಿದಳು.

"ಅಮ್ಮಾ, ಇದರಲ್ಲಿ ಸೈಕಲ್ ಎಲ್ಲಿದೆ?"

"ಐದನೇ ದಿನ."

"ಮೈದಾನದಲ್ಲಾ!"

"ನೀನು ಹೆದರ್ಕೋಬಾರ್ದು ಅಂತ ಕಣೇ. ಕಪ್ಪು ಬೇಡ, ಸುಲಭದ್ದಿರ್ಲಿ ಅಂತ ನೀನೇ ಹೇಳಿದ್ಯಲ್ಲ."

"ನನಗಾ?" ಟೀಗನ್ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ನಾನು ವಾರವಾರ ಹೊಡೀತೀನಿ. ನಿನ್ನೆ ತಾನೇ ಬರೋ ದಾರೀಲಿ ಜಾಸ್ಪರ್ ಬೆಟ್ಟದಲ್ಲಿ ಕಪ್ಪು ಜಾಡೇ ಇಳಿದು ಬಂದೆ. ಸುಲಭದ್ದು ಕೇಳಿದ್ದು ನಿನಗೆ."

"ನನಗೆ?"

"ಮಧ್ಯಮ ಅಳತೆ ಇನ್ಯಾರಿಗೆ ಅನ್ಕೊಂಡೆ? ನಿನ್ನ ಎತ್ತರ ನಿನಗೇ ಮರೆತೋಯ್ತಾ?"

ಹಾಗಾದರೆ ಬೇಸಗೆಯಲ್ಲಿ ಯಾಕೆ ಬರಲಿಲ್ಲ ಎಂದು ಮಾರ್ಲಿಸ್ ಕೇಳಿದಳು.

ಟೀಗನ್ ಹಾಳೆಯ ಮೂಲೆ ಮಡಿಸುತ್ತಾ ಕೂತಳು. "ಅವತ್ತು ಆಂಬ್ಯುಲೆನ್ಸಿಗೆ ಹತ್ತಿಸುವಾಗ ನೀನು ಏನಂದೆ ನೆನಪಿದ್ಯಾ? ಇನ್ನು ನನ್ನ ಕಣ್ಣೆದುರಿಗೆ ಈ ಬೆಟ್ಟಕ್ಕೆ ಕಾಲಿಡ್ಬೇಡ ಅಂದೆ. ನಿನ್ನ ಕಣ್ಣೆದುರಿಗೆ ಬೇಡ ಅಂತ ನಾನೂ ದೂರದಲ್ಲೇ ಹೊಡ್ಕೊಂಡಿದ್ದೆ. ಆಮೇಲೆ ಯೋಚನೆ ಬಂತು, ಈ ಅಮ್ಮ ಒಂದ್ಸಲಾನೂ ಇಳಿದೇ ಇಲ್ವಲ್ಲ. ಕೆಳಗೆ ಕಾಯ್ತಾ ನಡುವೆ ಏನೇನೋ ಕಲ್ಪಿಸ್ಕೊಂಡು ಸಾಯ್ತಾಳೆ. ಒಂದ್ಸಲ ನೋಡಮ್ಮ. ಆಮೇಲೆ ಬೇಕಿದ್ರೆ ಬೈಯಿ."

ಭಯದಲ್ಲಿ ಆಡಿದ ಮಾತು ಯಾರಿಗೆ ನೆನಪಿರುತ್ತದೆ ಎಂದುಕೊಂಡಿದ್ದಳು ಮಾರ್ಲಿಸ್. ಮೂರು ಬೇಸಗೆ ಮಗಳನ್ನು ಮನೆಯಿಂದ ಹೊರಗಿಟ್ಟದ್ದು ಬೆಟ್ಟವಲ್ಲ, ತಾನೇ. ಅವಳಿಗೆ ಅಳು ಬಂತು, ಅತ್ತಳು.

ಮರುದಿನ ಪಿಕಪ್ ಓಡಿಸಿದವನು ಆರ್ವಿಡ್. ಮಗಳು ಫೋನು ಮಾಡಿ ಅವನಿಗೆ ಎಲ್ಲ ಹೇಳಿದ್ದು ತಿಂಗಳ ಹಿಂದೆಯೇ. ಬಿಯರ್ ಕುಡಿದೂ ಬಾಯಿ ಬಿಡದ ಮುದುಕ! ಒದ್ದೆ ಕಾಲುಚೀಲ ಶುರುವಾಗುವ ನೆತ್ತಿಯಲ್ಲಿ ಮಾರ್ಲಿಸ್ ಗಾಡಿಯಿಂದ ಇಳಿದಳು, ಬಾಡಿಗೆ ಸೈಕಲ್ ಹಿಡಿದು ನಿಂತಳು. ಹೆಲ್ಮೆಟ್ಟಿನ ಪಟ್ಟಿಯನ್ನು ಟೀಗನ್ ಬಿಗಿ ಮಾಡಿದಳು. ಆರ್ವಿಡ್ ಗಾಡಿ ತಿರುಗಿಸಿ ಕಿಟಕಿಯಿಂದ ತಲೆ ಹೊರಹಾಕಿದ.

"ಒಬ್ಬೊಬ್ರಾಗಿ ಹೋಗಿ," ಎಂದ. "ಕೆಳಗೆ ಸಿಕ್ತೀನಿ."

ಹದಿನೆಂಟು ವರ್ಷ ಆ ಮಾತನ್ನು ಅವಳು ಎಷ್ಟು ಮಕ್ಕಳಿಗೆ ಹೇಳಿದ್ದಳೋ. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ, ಏನು ಸೊಕ್ಕಿನ ಮಕ್ಕಳಪ್ಪ ಎಂದು ಪ್ರತಿಸಲ ಗೊಣಗಿಕೊಂಡೇ ಗಾಡಿ ಇಳಿಸುತ್ತಿದ್ದಳು. ಈಗ ಆರ್ವಿಡ್‌ಗೆ ಹೂಂ ಎನ್ನಲು ನೋಡಿದಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.